ಗೋಂದಪ್ಪ ಮಾಡಿದ ಚಾಕು

"ಒಂದು ಚಾಕು ತಾನೇ! ಅದೇನು ಅರಮನೆಯೇ, ಅಣೆಕಟ್ಟೇ? ನಾನೇ ಮಾಡ್ತೀನಿ, ನನ್ನ ಈ ಎರಡು ಕೈಯಿಂದ!"

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಪುಸ್ತಕದ ಬೈಂಡರ್ ಹೀಗೆ ಘೋಷಣೆ ಮಾಡಿ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಕಾಫಿ ತುಳುಕಿ ಮೇಜುಬಟ್ಟೆಯ ಮೇಲೆ ಅಂಗೈಯಗಲ ಹರಡಿತು. ಹೆಂಡತಿ ಮೊದಲು ಕಲೆಯನ್ನು ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. ಎರಡರಲ್ಲಿ ಯಾವುದನ್ನು ಸರಿಮಾಡುವುದು ಸುಲಭ ಎಂದು ತೂಗಿ ನೋಡಿ, ಒದ್ದೆ ಬಟ್ಟೆ ತಂದು ಕಲೆಯನ್ನು ಒರೆಸಿದಳು.

"ಹೋದ ತಿಂಗಳು ಬಚ್ಚಲಮನೆ ಚಿಲಕಾನೂ ನಾನೇ ಹಾಕ್ತೀನಿ ಅಂದಿದ್ರಿ."

"ಹಾಕಲಿಲ್ವೇನು?"

"ಹಾಕಿದ್ರಿ. ಹೊರಗಡೆಗೆ."

"ಭದ್ರವಾಗಿದೆಯೋ ಇಲ್ವೋ?"

"ಭದ್ರವಾಗೇ ಇದೆ. ಒಳಗೆ ಸಿಕ್ಕಿಹಾಕ್ಕೊಂಡು ಅರ್ಧ ಗಂಟೆ ಬಡಿದೋಳು ನಾನು, ನನಗೆ ಗೊತ್ತಿಲ್ವಾ!"

ಬೈಂಡರನ ಕಣ್ಣೆಲ್ಲ ಮೇಜಿನ ಆ ಕಡೆಗಿತ್ತು. ಅಲ್ಲಿ, ಕಾಫಿ ಕಲೆಯಿಂದ ಒಂದು ಗೇಣು ಆಚೆಗೆ, ಹಳೆಯ ಮಡಚುವ ಚಾಕುವೊಂದು ಎರಡು ತುಂಡಾಗಿ ಮಲಗಿತ್ತು. ಆ ಚಾಕು ಯಾರದು, ಹೇಗೆ ಮುರಿಯಿತು ಎಂದು ಹೇಳದೆ ಮುಂದೆ ಹೋದರೆ ಈ ಕಥೆ ಕುಂಟುತ್ತದೆ. ಆದ್ದರಿಂದ ಹೇಳಿಯೇ ಮುಂದೆ ಹೋಗೋಣ.

ಚಾಕು ಮಾವನದು. ಮಾವ ಎಂದರೆ ಹೆಂಡತಿಯ ಅಪ್ಪ. ನಲವತ್ತು ವರ್ಷ ಬೀಗ ರಿಪೇರಿ ಮಾಡಿದವರು. ಕೀಲಿಕೈ ಕಳೆದುಕೊಂಡು ಬೀದಿಯಲ್ಲಿ ಬಾಯಿ ಬಿಟ್ಟು ನಿಂತ ಎಷ್ಟೋ ಜನರನ್ನು ಅವರವರ ಮನೆಯೊಳಗೆ ಸೇರಿಸಿದ ಪುಣ್ಯಾತ್ಮರು. "ಮನುಷ್ಯ ಮುಚ್ಚಿದ್ದನ್ನ ಮನುಷ್ಯ ತೆಗೀಬಹುದು" ಎನ್ನುವುದು ಅವರ ಮಾತು. ಈಗ ಊರಿನ ಆ ತುದಿಯಲ್ಲಿ ಮಗನ ಮನೆಯಲ್ಲಿದ್ದರು. ಭಾನುವಾರ ಮಾತ್ರ ತಪ್ಪದೆ ಬಸ್ಸು ಹಿಡಿದು ಮಗಳ ಮನೆಗೆ ಊಟಕ್ಕೆ ಬರುತ್ತಿದ್ದರು.

ಊಟವಾದ ಮೇಲೆ ಒಂದು ವಿಧಿ ಇತ್ತು. ಮಾವ ಕೋಟಿನ ಬಲಜೇಬಿನಿಂದ ಆ ಚಾಕು ತೆಗೆಯುವರು. ಅಲಗಿನ ಮೇಲಿನ ಸಣ್ಣ ಗೀರಿಗೆ ಹೆಬ್ಬೆರಳ ಉಗುರು ಸಿಗಿಸುವರು. ಕಟಕ್! ಅಲಗು ಹೊರಗೆ. ಒಂದು ಸೇಬು ಎತ್ತಿಕೊಂಡರೆಂದರೆ ಸಿಪ್ಪೆ ಎಲ್ಲೂ ತುಂಡಾಗದೆ ಒಂದೇ ರಿಬ್ಬನ್ನಿನ ಹಾಗೆ ಇಳಿದು ಮೇಜನ್ನು ಮುಟ್ಟಬೇಕು. ಆಮೇಲೆ ಸೇಬು ಮೂರು ಪಾಲು. ಮಗಳಿಗೊಂದು, ಅಳಿಯನಿಗೊಂದು, ತಮಗೊಂದು.

ಈಚೆಗೆ ಒಂದು ವರ್ಷದಿಂದ ಸಿಪ್ಪೆ ತುಂಡಾಗುತ್ತಿತ್ತು. ಮೊದಮೊದಲು ಎರಡು ತುಂಡು, ಆಮೇಲೆ ನಾಲ್ಕು, ಹೋದ ಭಾನುವಾರ ಒಂಬತ್ತು. ಹೆಬ್ಬೆರಳಿಗೆ ಒಂದು ಗಾಯದ ಪಟ್ಟಿ ಹೋದರೆ ಇನ್ನೊಂದು ಪಟ್ಟಿ ಬರುತ್ತಿತ್ತು. ಕೈ ನಡುಗುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು, ಬಾಯಿಬಿಟ್ಟು ಹೇಳುವವಳು ಮಗಳೊಬ್ಬಳೇ.

"ಅಪ್ಪಾ, ಕೊಡು ಇಲ್ಲಿ, ನಾನು ಹೆಚ್ತೀನಿ."

"ನೀನು ಔಷಧಿ ಅಂಗಡೀಲಿ ಮಾತ್ರೆ ಎಣಿಸಮ್ಮ. ಈ ಚಾಕು ನಲವತ್ತು ವರ್ಷದಿಂದ ನನ್ನ ಕೈಲಿದೆ. ಇನ್ನೂ ನಲವತ್ತು ವರ್ಷ ಇರುತ್ತೆ!"

ಅಂಥ ಮಾವ ಹೋದ ಭಾನುವಾರ ಚಾಕುವನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋದರು. ಮಗಳ ಮದುವೆಯಾದ ಹದಿನೆಂಟು ವರ್ಷದಲ್ಲಿ ಇದೇ ಮೊದಲ ಸಲ.

ಇನ್ನು ಬೈಂಡರನ ವಿಚಾರ. ಇಪ್ಪತ್ತಾರು ವರ್ಷದಿಂದ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಒಂದು ಕಬ್ಬಿಣದ ತಿರುಪಿನ ಪ್ರೆಸ್ಸು, ಎರಡು ಸುತ್ತಿಗೆ, ಏಳು ದಬ್ಬಳ, ಮತ್ತೆ ಅಂಟು. ಎಲ್ಲಿ ನೋಡಿದರೂ ಅಂಟು! "ಮಾತಿಗೆ ಜಿಪುಣತನ ಮಾಡು, ಅಂಟಿಗೆ ಮಾಡಬೇಡ" ಎನ್ನುವುದು ಅವನ ಧರ್ಮ. ಅವನು ಕಟ್ಟಿದ ಪುಸ್ತಕ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚುತ್ತಿರಲಿಲ್ಲ. ಆದರೆ ಮಾವನ ಕಣ್ಣಿಗೆ ಇದೆಲ್ಲ ಒಂದು ಕೆಲಸವೇ ಅಲ್ಲ. "ಕಬ್ಬಿಣ ಮುಟ್ಟಿದ ಕೈ ಕೈ, ಕಾಗದ ಮುಟ್ಟಿದ ಕೈ ಬೀಸಣಿಗೆ" ಎಂದು ಅವರು ಮದುವೆಯಾದ ವಾರವೇ ತೀರ್ಪು ಕೊಟ್ಟಿದ್ದರು. ಅಳಿಯನಿಗೆ ಅಂದೇ ಒಂದು ಹೆಸರನ್ನೂ ಇಟ್ಟರು: ಗೋಂದಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿಗೆ ರಜೆಯ ಮೇಲೆ ಹೋದದ್ದು ಇನ್ನೂ ಕೆಲಸಕ್ಕೆ ಹಾಜರಾಗಿಲ್ಲ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅಂಟಿನ ಡಬ್ಬಿಯ ಮುಚ್ಚಳ ತೆಗೆಯಲು ಬರಲಿಲ್ಲ. ಬರುವುದಾದರೂ ಹೇಗೆ? ಅಂಟಿಗೆ ಜಿಪುಣತನ ಮಾಡದವನ ಡಬ್ಬಿ ತನ್ನ ಮುಚ್ಚಳವನ್ನು ತಾನೇ ಅಂಟಿಸಿಕೊಂಡಿರುತ್ತದೆ. ಮೇಜಿನ ಮೇಲೆ ಮಾವನ ಚಾಕು ಕಾಣಿಸಿತು. ತುದಿಯನ್ನು ಮುಚ್ಚಳದ ಸಂದಿಗೆ ತೂರಿಸಿದ. ಒತ್ತಿದ. ಇನ್ನೂ ಒತ್ತಿದ. ಟಣ್! ಮುಚ್ಚಳ ಹಾಗೇ ಇತ್ತು. ಅಲಗಿನ ಅರ್ಧ ಮಾತ್ರ ಕೋಣೆಯ ಮೂಲೆಗೆ ಹೋಗಿ ಬಿತ್ತು.

ಸದ್ದು ಊರಿನ ಆ ತುದಿಗೆ ಕೇಳಿಸಿತೋ ಏನೋ, ಅದೇ ಗಳಿಗೆಗೆ ಫೋನ್ ಬಂತು.

"ಏನಪ್ಪಾ ಗೋಂದಪ್ಪ, ನನ್ನ ಚಾಕು ಏನಾದ್ರೂ ಅಲ್ಲಿ ಬಿದ್ದಿದೆಯಾ? ಇಲ್ಲದಿದ್ರೆ ಇಲ್ಲ ಅನ್ನು, ಪರವಾಗಿಲ್ಲ."

"ಇದೆ ಮಾವ! ಇಲ್ಲೇ ಇದೆ!" ಎಂದ ಬೈಂಡರ್, ಅರ್ಧ ಚಾಕುವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. "ಸ್ವಲ್ಪ ಮೊಂಡಾಗಿತ್ತಲ್ಲ, ಹರಿತ ಮಾಡ್ತಾ ಇದ್ದೀನಿ."

ಆ ಕಡೆ ಫೋನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋದ ಸದ್ದಾಯಿತು.

"ಹರಿತ ಮಾಡ್ತೀಯಾ?"

"ಹೌದು ಮಾವ. ಕೂದಲು ಸೀಳಬೇಕು, ಹಾಗೆ! ಭಾನುವಾರ ನಿಮ್ಮ ಕೈಗೆ ಕೊಡ್ತೀನಿ."

ಫೋನ್ ಕಟ್ಟಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಮುರೀತು ಅಂತ ಹೇಳಿ ಮುಗಿಸೋದು ಬಿಟ್ಟು ಇದೇನ್ರೀ? ಮುರಿದದ್ದು ಒಳ್ಳೇದೇ ಆಯ್ತು. ಅಪ್ಪನ ಬೆರಳು ಉಳೀತು."

"ನನ್ನ ಮಾನ?"

"ಅದು ಆಗಲೇ ಮೂಲೇಲಿ ಬಿದ್ದಿದೆ, ತುದಿ ಕಡೆ ಅರ್ಧ."

ಆಗ ಬಂತು ನೋಡಿ, ಕಾಫಿ ಲೋಟ ಕುಕ್ಕಿದ ಆ ಘೋಷಣೆ. ಉಪಾಯವೇನೋ ಚೆನ್ನಾಗಿತ್ತು. ಮೊದಲು ತನ್ನ ಕೈಯಾರೆ ಮಾಡಿದ ಹೊಸ ಚಾಕು ಕೊಡುವುದು. ಕಬ್ಬಿಣ ಮುಟ್ಟಿದ ಅಳಿಯನನ್ನು ಕಂಡು ಮಾವನ ಕಣ್ಣರಳಿದಾಗ ಹಳೆಯದರ ಸಾವಿನ ಸುದ್ದಿಯನ್ನು ಮೆಲ್ಲಗೆ ಒಳಗೆ ತಳ್ಳುವುದು. ಹದಿನೆಂಟು ವರ್ಷದ ಬೀಸಣಿಗೆ ಒಂದೇ ಏಟಿಗೆ ಕೈಯಾಗಬೇಕು!

ಹತ್ತು ಗಂಟೆಗೆ ಬೈಂಡರ್ ಹಾರ್ಡ್‌ವೇರ್ ಅಂಗಡಿಯಲ್ಲಿದ್ದ. ಅಲ್ಲಿ ಮಡಚುವ ಚಾಕುವಿನ ಕಿಟ್ ಸಿಗುತ್ತಿತ್ತು. ಬಿಡಿ ಭಾಗಗಳೆಲ್ಲ ಒಂದು ಪೆಟ್ಟಿಗೆಯಲ್ಲಿರುತ್ತವೆ, ಜೋಡಿಸುವುದು ನಮ್ಮ ಪಾಡು. ಮೇಲೆ ಬರೆದಿತ್ತು: "ಒಂದೇ ಮಧ್ಯಾಹ್ನದಲ್ಲಿ ನಿಮ್ಮ ಚಾಕು ನಿಮ್ಮ ಕೈಯಲ್ಲಿ!"

"ಮೊದಲನೇ ಸಲವಾ?" ಎಂದ ಅಂಗಡಿಯವನು.

"ಇಪ್ಪತ್ತಾರು ವರ್ಷದ ಅನುಭವ!"

"ಚಾಕು ಮಾಡೋದ್ರಲ್ಲಾ?"

"ಅಂಟಿಸೋದ್ರಲ್ಲಿ."

ಅಂಗಡಿಯವನು ಇನ್ನೇನೂ ಕೇಳದೆ ಪೆಟ್ಟಿಗೆಯನ್ನು ಕಟ್ಟಿಕೊಟ್ಟ.

ಸಂಜೆ ಹೆಂಡತಿ ಪೆಟ್ಟಿಗೆ ಬಿಚ್ಚಿ ಒಂದೊಂದಾಗಿ ಮೇಜಿನ ಮೇಲಿಟ್ಟಳು. ಔಷಧಿ ಅಂಗಡಿಯ ಅಭ್ಯಾಸ, ಯಾವುದನ್ನೂ ಎರಡು ಸಲ ಎಣಿಸದೆ ಬಿಡುವವಳಲ್ಲ. ಅಲಗು ಒಂದು. ಬೆನ್ನಿಗೆ ಹಾಕುವ ಸ್ಪ್ರಿಂಗ್ ಪಟ್ಟಿ ಒಂದು. ಹಿತ್ತಾಳೆ ತಗಡು ಎರಡು. ಹಿತ್ತಾಳೆ ಮೊಳೆ ಮೂರು. ಹಿಡಿಗೆ ಅಂಟಿಸುವ, ಮೊಳೆಯ ತಲೆ ಕಾಣುವ ಹಾಗೆ ತೂತು ಬಿಟ್ಟ ಮರದ ಚಕ್ಕೆ ಎರಡು. ಉಪ್ಪುಕಾಗದ ಎರಡು ತುಂಡು. ಕಿರುಬೆರಳಿನಷ್ಟು ಉದ್ದದ ಅಂಟಿನ ಟ್ಯೂಬು ಒಂದು. ಹೇಗೆ ಮಾಡಬೇಕೆಂದು ಬರೆದ ಚೀಟಿ ಒಂದು.

"ಅಲಗಿಗೆ ಮೊದಲು ಟೇಪು ಸುತ್ತಬೇಕಂತೆ, ಕೈ ಕುಯ್ಯುತ್ತೆ ಅಂತ ಬರೆದಿದೆ," ಎಂದಳು.

"ಕೊಡಿಲ್ಲಿ ಆ ಚೀಟೀನ!" ಎಂದು ಬೈಂಡರ್ ಕಿತ್ತುಕೊಂಡ. ಕೈ ಕುಯ್ದೇ ಕುಯ್ಯಿತು. ಅಲಗಿನಿಂದಲ್ಲ, ಚೀಟಿಯ ಅಂಚಿನಿಂದ! ಇಪ್ಪತ್ತಾರು ವರ್ಷ ಕಾಗದದ ಜೊತೆ ಸಂಸಾರ ಮಾಡಿದವನಿಗೆ ಕಾಗದವೇ ಮೊದಲ ಏಟು ಕೊಟ್ಟಿತು. ಹೆಂಡತಿ ಪಟ್ಟಿ ಅಂಟಿಸಿದಳು. ಮನೆಯಲ್ಲಿ ಅದಕ್ಕೇನೂ ಬರವಿರಲಿಲ್ಲ.

ಮಂಗಳವಾರ ಸ್ಪ್ರಿಂಗ್ ಪಟ್ಟಿಯ ಸರದಿ. ಅದನ್ನು ಬಗ್ಗಿಸಿ ಹಿಡಿದು, ತೂತಿಗೆ ತೂತು ಕೂಡಿಸಿ, ಮೊಳೆ ತೂರಿಸಬೇಕು. ಬೈಂಡರ್ ಬಗ್ಗಿಸಿದ. ಅದು ಸುಮ್ಮನೆ ಬಗ್ಗಿತು. ತೂತಿಗೆ ಕಣ್ಣಿಟ್ಟು ಒಂದೇ ಒಂದು ಸಲ ಉಸಿರು ಬಿಟ್ಟ. ಪಿಣ್! ಪಟ್ಟಿ ಮಾಯ! ಕಪಾಟು ಎಳೆದು ಹುಡುಕಿದ, ಪ್ರೆಸ್ಸಿನ ಅಡಿಗೆ ಕಡ್ಡಿ ಆಡಿಸಿದ, ಒಣಗಲಿಟ್ಟಿದ್ದ ಹನ್ನೆರಡು ಹಾಜರಿ ಪುಸ್ತಕಗಳನ್ನು ಒಂದೊಂದಾಗಿ ಕೊಡವಿದ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮಂಡಿಯೂರಿ ತೆವಳಿದ. ಆರು ಗಂಟೆಗೆ ಬಂದ ಹೆಂಡತಿ ಚಪ್ಪಲಿ ಬಿಡುತ್ತಾ ಅವನನ್ನು ಮೇಲಿಂದ ಕೆಳಗೆ ನೋಡಿ, ಅವನ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ, ಸ್ಪ್ರಿಂಗ್ ಪಟ್ಟಿಯನ್ನು ಹೊರಗೆ ತೆಗೆದಳು.

"ಇದೇನಾ?"

"ಅದು ಅಲ್ಲೇ ಇರಲಿ ಅಂತ ನಾನೇ ಬಿಟ್ಟಿದ್ದೆ," ಎಂದ ಬೈಂಡರ್, ಮಂಡಿಯ ದೂಳು ಒರೆಸಿಕೊಳ್ಳುತ್ತಾ.

ಬುಧವಾರ ಮೂರನೆಯ ಮೊಳೆ ಕೈ ಜಾರಿತು. ಅದು ಉರುಳುತ್ತಾ ಉರುಳುತ್ತಾ, ಯಾವ ಅವಸರವೂ ಇಲ್ಲದೆ, ಅಂಗಡಿ ದಾಟಿ, ನಡುಮನೆ ದಾಟಿ, ಬಚ್ಚಲಮನೆಯ ತೂತಿನಲ್ಲಿ ಇಳಿದುಹೋಯಿತು. ಬೈಂಡರ್ ಹಿಂದೆಯೇ ಓಡಿ ಬಂದು ಬಚ್ಚಲಲ್ಲಿ ಬಗ್ಗಿ ನೋಡಿದ. ಗಾಳಿಗೆ ಬಾಗಿಲು ಬಡಿಯಿತು, ಹೊರಗಿನ ಚಿಲಕ ತಾನಾಗಿ ಬಿತ್ತು. ಮುಕ್ಕಾಲು ಗಂಟೆಯ ಮೇಲೆ ಮಹಡಿಯ ಮನೆಯ ಬಸ್ ಡ್ರೈವರ್ ಬಂದು ತೆಗೆಯುವವರೆಗೆ ಅವನಿಗೆ ಯೋಚನೆ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು. ಆ ಯೋಚನೆ ಫಲ ಕೊಟ್ಟಿತೆಂದೇ ಹೇಳಬೇಕು. ಹೊರಗೆ ಬಂದವನೇ ಏಳು ದಬ್ಬಳದಲ್ಲಿ ಒಂದನ್ನು ಆರಿಸಿ, ಅಳತೆಗೆ ಸರಿಯಾಗಿ ತುಂಡು ಮಾಡಿ, ಉಜ್ಜಿ, ಮೂರನೆಯ ಮೊಳೆಯಾಗಿ ಕೂರಿಸಿದ. ಬೈಂಡ್ ಮಾಡುವವನ ಸೂಜಿ, ಬಿಗಿಯಾಗಿ ಕೂತಿತು.

ಗುರುವಾರ ಮೊಳೆಗಳ ತಲೆ ತಟ್ಟುವ ಕೆಲಸ. "ಜೋರಾಗಿ ಹೊಡೆಯಬೇಡಿ, ಮೆಲ್ಲಗೆ ತಟ್ಟಿ" ಎಂದು ಚೀಟಿ ಹೇಳುತ್ತಿತ್ತು. ಇದನ್ನು ಬೈಂಡರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಸ್ತಕದ ಬೆನ್ನನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ದುಂಡಗೆ ಮಾಡುವವನು ಅವನು. ಟಕ ಟಕ ಟಕ. ಒಂದು ಗಂಟೆ ಹತ್ತು ನಿಮಿಷ. ಟೇಪು ಬಿಚ್ಚಿ, ಎಚ್ಚರಿಕೆಯಿಂದ ಗೀರಿಗೆ ಉಗುರು ಸಿಗಿಸಿ, ಕಣ್ಣು ಮುಚ್ಚಿಕೊಂಡು ಎಳೆದ.

ಕಟಕ್!

ಮುಚ್ಚಿದ. ಕಟಕ್! ಮಾವನ ಚಾಕುವಿನದೇ ಸದ್ದು!

ಔಷಧಿ ಅಂಗಡಿಯಲ್ಲಿದ್ದ ಹೆಂಡತಿಗೆ ಫೋನ್ ಮಾಡಿ, "ಕೇಳು" ಎಂದು ಚಾಕುವನ್ನು ಫೋನಿನ ಹತ್ತಿರ ಹಿಡಿದು ಆರು ಸಲ ಕಟಕ್ ಎನಿಸಿದ.

"ಕೇಳಿಸ್ತು ರೀ. ಇಲ್ಲಿ ಜ್ವರದ ಮಗು ಕೂತಿದೆ."

"ಇನ್ನೊಂದ್ಸಲ ಕೇಳು!"

ನಿಜ ಹೇಳಬೇಕೆಂದರೆ ಚಾಕು ಅಷ್ಟಕ್ಕೇ ಮುಗಿದಿತ್ತು. ಹೊರಗಿನ ಹಿತ್ತಾಳೆ ತಗಡಿನ ಮೇಲೆ ಆ ಕಡೆಗೊಂದು ಈ ಕಡೆಗೊಂದು ಮರದ ಚಕ್ಕೆ ಅಂಟಿಸಿದರೆ ಸಾಕು. ಅಂಟಿಸುವುದು! ಇಷ್ಟು ದಿನ ಪರರ ನೆಲದಲ್ಲಿ ಕಾದಾಡಿದ ವೀರ ಈಗ ಸ್ವಂತ ರಾಜ್ಯಕ್ಕೆ ಕಾಲಿಟ್ಟಿದ್ದ. ಇನ್ನು ಚೀಟಿ ಯಾರಿಗೆ ಬೇಕು?

ಶುಕ್ರವಾರ ಬೆಳಿಗ್ಗೆ ಕಿಟ್ಟಿನ ಪುಟ್ಟ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದ. "ಇದೇನು ಅಂಟೋ, ಇಲಿಯ ಕಣ್ಣೀರೋ?" ಎಂದು ಅತ್ತ ಎಸೆದು, ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕಬ್ಬಿಣಕ್ಕೆ ಕಬ್ಬಿಣವನ್ನೇ ಅಂಟಿಸುವ ದೊಡ್ಡ ಟ್ಯೂಬು ಎರಡು ತಂದ. ಮೇಜು ಹಾಳಾಗಬಾರದೆಂದು ಅಡಿಗೊಂದು ರದ್ದಿ ಕಾಗದ ಹಾಸಿದ. ಆ ರದ್ದಿ ಕಾಗದ ಕಿಟ್ಟಿನ ಚೀಟಿಯೇ ಆಗಿತ್ತು! ಕುಂಚ ತೆಗೆದುಕೊಂಡು ತಗಡಿಗೆ ಬಳಿದ, ಚಕ್ಕೆಗೆ ಬಳಿದ, ತೃಪ್ತಿಯಾಗದೆ ಇನ್ನೊಂದು ಕೈ ಬಳಿದ. ಒಂದೂವರೆ ಟ್ಯೂಬು ಖಾಲಿ. ಆಮೇಲೆ ಬೈಂಡರ್ ಮಾತ್ರ ಮಾಡಬಲ್ಲ ಕೆಲಸವೊಂದನ್ನು ಮಾಡಿದ. ಚಾಕುವನ್ನು ನೀಟಾಗಿ ಮುಚ್ಚಿ, ಎರಡು ಹಲಗೆಯ ನಡುವೆ ಇಟ್ಟು, ಪುಸ್ತಕದ ಪ್ರೆಸ್ಸಿಗೆ ಹಾಕಿ, ತಿರುಪನ್ನು ಹಲ್ಲು ಕಚ್ಚಿ ಬಿಗಿದ. ಒಂದು ಹಗಲು, ಒಂದು ರಾತ್ರಿ ಅದು ಅಲ್ಲೇ ಇತ್ತು, ದೊಡ್ಡ ನಿಘಂಟಿಗೆ ಸಲ್ಲುವ ಗೌರವದಲ್ಲಿ.

ಶನಿವಾರ ಬೆಳಿಗ್ಗೆ ಹೊರಗೆ ತೆಗೆದು, ಅಂಚಿನಲ್ಲಿ ಉಕ್ಕಿದ್ದ ಅಂಟನ್ನು ಅರದಿಂದ ಕೆರೆದು, ಉಪ್ಪುಕಾಗದ ತಿಕ್ಕಿ, ಮೇಣ ಹಚ್ಚಿ ಒರೆಸಿದ. ಆಹಾ! ಕೈಯಲ್ಲಿ ಹಿಡಿದರೆ ನದಿಯಲ್ಲಿ ಸವೆದ ಕಲ್ಲಿನ ಹಾಗೆ ನುಣುಪು. ಹಿತ್ತಾಳೆಯ ಗೆರೆ ಹೊಳೆಯುತ್ತಿತ್ತು. ಮರದ ಎಳೆಗಳು ಎದ್ದು ಕಾಣುತ್ತಿದ್ದವು. ಗೀರಿಗೆ ಉಗುರು ಸಿಗಿಸಿ ಎಳೆದ.

ಕಟಕ್ ಎಂದಿತು. ಚಾಕು ಅಲ್ಲ, ಉಗುರು.

ಇನ್ನೊಂದು ಉಗುರು ಹಾಕಿದ. ಅದೂ ಹೋಯಿತು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ. ಬಿಸಿನೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿದ. ಬಸ್ ಡ್ರೈವರನನ್ನು ಕರೆದು, ಇಕ್ಕಳಕ್ಕೆ ಬಟ್ಟೆ ಸುತ್ತಿಕೊಟ್ಟು, "ನೀನು ಅಲಗು ಎಳಿ, ನಾನು ಹಿಡಿ ಹಿಡ್ಕೋತೀನಿ" ಎಂದ. ಡ್ರೈವರ್ ಎಳೆದ. ಚಾಕು ಬಂತು, ಚಾಕುವಿನ ಜೊತೆ ಬೈಂಡರ್ ಬಂದ, ಬೈಂಡರನ ಜೊತೆ ಕುರ್ಚಿ ಬಂತು. ಅಲಗು ಮಾತ್ರ ಬರಲಿಲ್ಲ.

"ಬಚ್ಚಲ ಚಿಲಕಾನೇ ವಾಸಿ ಇತ್ತು ಕಣಯ್ಯಾ, ಅದು ಹೊರಗಡೆಯಿಂದಾದ್ರೂ ತೆಗೀತಿತ್ತು," ಎಂದು ಹೇಳಿ ಡ್ರೈವರ್ ಡ್ಯೂಟಿಗೆ ಹೋದ.

ಸಂಜೆ ಹೆಂಡತಿ ತಣ್ಣೀರಿಗೆಂದು ಫ್ರಿಜ್ ತೆಗೆದರೆ ಐಸಿನ ತಟ್ಟೆಯಲ್ಲಿ ಚಾಕು ಮಲಗಿತ್ತು. ಅವಳು ಅಂಗಡಿ ಕೋಣೆಗೆ ಹೋಗಿ, ಮೇಜಿಗೆ ಅಂಟಿಕೊಂಡಿದ್ದ ಚೀಟಿಯನ್ನು ತುದಿ ಹಿಡಿದು ಮೆಲ್ಲಗೆ ಎಬ್ಬಿಸಿ, ಕನ್ನಡಕ ಹಾಕಿಕೊಂಡು, ಅಂಟಿನ ಕಲೆಗಳ ನಡುವೆ ಹುಡುಕಿ ಓದಿದಳು.

"ಒಂಬತ್ತನೇದು. ಚಕ್ಕೆಗೆ ಎರಡು ಹನಿ ಅಂಟು ಸಾಕು. ಹೆಚ್ಚಾದರೆ ಒಳಗೆ ಇಳಿಯುತ್ತದೆ. ಒಣಗುವವರೆಗೆ ಚಾಕು ತೆರೆದೇ ಇರಬೇಕು. ಮುಚ್ಚಿಡಬಾರದು." ಕನ್ನಡಕದ ಮೇಲಿಂದ ನೋಡಿದಳು. "ಎರಡು ಹನಿ ರೀ! ಎರಡು ಹನಿ ಅಂದ್ರೆ ಎರಡೇ ಹನಿ! ಕಣ್ಣಿನ ಔಷಧಿ ಎರಡು ಹನಿ ಬಿಡು ಅಂದ್ರೆ ಯಾರಾದ್ರೂ ಬಾಟ್ಲಿ ಬಗ್ಗಿಸ್ತಾರಾ? ಅದೂ ಮುಚ್ಚಿ ಯಾಕಿಟ್ರಿ?"

"ಯಾವ ಪುಸ್ತಕಾನ ತೆರೆದಿಟ್ಟು ಪ್ರೆಸ್ಸಿಗೆ ಹಾಕ್ತಾರೆ ಹೇಳು!"

"ಇದು ಪುಸ್ತಕ ಅಲ್ಲರೀ!"

ಬೈಂಡರ್ ಸ್ಟೂಲಿನ ಮೇಲೆ ಕುಸಿದ. ಹತ್ತು ಬೆರಳಿನಲ್ಲಿ ಎರಡಕ್ಕೆ ಉಗುರಿರಲಿಲ್ಲ, ಒಂದಕ್ಕೆ ಪಟ್ಟಿಯಿತ್ತು.

"ಹದಿನೆಂಟು ವರ್ಷ ಆಯ್ತು ಕಣೇ," ಎಂದ, ಮೆಲ್ಲಗೆ. "ಒಂದೇ ಒಂದು ಸಲ ನಿಮ್ಮಪ್ಪ 'ಪರವಾಗಿಲ್ವೇ' ಅನ್ನಬೇಕಿತ್ತು."

ಹೆಂಡತಿಗೆ ಮುಂದಿನ ಬೈಗುಳ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಚಾಕುವನ್ನು ಸೆರಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದಳು. "ನೋಡೋಕಂತೂ ಚೆನ್ನಾಗಿದೆ," ಎಂದಳು. ಸುಳ್ಳಾಗಿರಲಿಲ್ಲ.

ಭಾನುವಾರ ಮಾವ ಬಂದರು. ವಿಚಿತ್ರವೆಂದರೆ ಚಾಕುವಿನ ಮಾತೇ ಎತ್ತಲಿಲ್ಲ. ಊಟ ಮಾಡುವಾಗ ಎರಡು ಮೂರು ಸಲ ಅವರ ಕೈ ತಾನಾಗಿ ಕೋಟಿನ ಬಲಜೇಬಿಗೆ ಹೋಯಿತು, ಖಾಲಿ ಜೇಬನ್ನು ಮುಟ್ಟಿ ಹಿಂದಕ್ಕೆ ಬಂತು. ಅದನ್ನು ಕಂಡಾಗಲೆಲ್ಲ ಬೈಂಡರ್ ಮಾವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದ. ಊಟವಾಯಿತು. ಮಗಳು ತಟ್ಟೆಯಲ್ಲಿ ಒಂದು ಸೇಬು ತಂದಿಟ್ಟಳು. ಮೂವರೂ ಆ ಸೇಬನ್ನೇ ನೋಡುತ್ತಾ ಕೂತರು. ಸೇಬು ಕೂಡ ಕಾಯುತ್ತಿರುವಂತಿತ್ತು.

ಕೊನೆಗೆ ಬೈಂಡರ್ ಎದ್ದು ಹೋಗಿ, ಬಟ್ಟೆ ಹೊದಿಸಿದ ಪುಟ್ಟ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮಾವನ ಮುಂದಿಟ್ಟ. ಪೆಟ್ಟಿಗೆಯೂ ಅವನದ್ದೇ ಕೆಲಸ. ಅದು ಲಕ್ಷಣವಾಗಿ ತೆಗೆಯುತ್ತಿತ್ತು.

"ಇದೇನು?"

"ಚಾಕು ಮಾವ. ನಾನೇ ಮಾಡಿದ್ದು."

ಮಾವ ಕೈಗೆ ತೆಗೆದುಕೊಂಡರು. ತೂಕ ನೋಡಿದರು. ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಮೊಳೆಗಳ ಹತ್ತಿರ ಬೆರಳು ನಿಂತಿತು.

"ಎರಡು ಹಿತ್ತಾಳೆ. ಈ ಮೂರನೇದು ಉಕ್ಕು?"

"ದಬ್ಬಳ ಮಾವ. ಮೊಳೆ ಮೋರಿ ಪಾಲಾಯ್ತು, ಅದಕ್ಕೆ."

"ಹೂಂ." ಮಾವ ಇನ್ನೊಮ್ಮೆ ಸವರಿದರು. "ತಲೆ ಚೆನ್ನಾಗಿ ತಟ್ಟಿದ್ದೀಯ."

ಹದಿನೆಂಟು ವರ್ಷದ ಮೇಲೆ ಬಿದ್ದ ಮೊದಲ ಹನಿ! ಬೈಂಡರನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಮಾವ ಗೀರಿಗೆ ಉಗುರು ಸಿಗಿಸಿಯಾಗಿತ್ತು.

ಎಳೆದರು. ಹುಬ್ಬು ಗಂಟಿಕ್ಕಿದರು. ಮತ್ತೆ ಎಳೆದರು. ಕನ್ನಡಕ ಹಾಕಿಕೊಂಡರು. ಚಾಕುವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಹಳೆಯ ಬೀಗಕ್ಕೆ ಕಿವಿಗೊಡುವ ಹಾಗೆ ಕೇಳಿದರು. ಒಳಜೇಬಿನಿಂದ ಬೀಗ ತೆಗೆಯುವ ಐದು ಕಡ್ಡಿಗಳ ಗೊಂಚಲು ಹೊರಬಂತು. ಒಂದು ಕಡ್ಡಿ ಹಾಕಿದರು, ಇನ್ನೊಂದು ಹಾಕಿದರು, ಐದೂ ಆಯಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಿಮಿಷ ಕಳೆಯಿತು. ಮಾವನ ಹಣೆಯ ಮೇಲೆ ಬೆವರು ಮೂಡಿತು.

"ಒಳಗೇನು ಹಾಕಿದ್ದೀಯಪ್ಪಾ?"

"ಅಂಟು, ಮಾವ."

"ಎಷ್ಟು?"

"ಎರಡು ಹನಿ ಅಂತ ಬರೆದಿತ್ತಪ್ಪಾ," ಎಂದಳು ಮಗಳು.

"ಬರೆದದ್ದು ಬಿಡು. ನೀನೆಷ್ಟು ಹಾಕ್ದೆ?"

"ಒಂದೂವರೆ ಟ್ಯೂಬು," ಎಂದ ಬೈಂಡರ್. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದೂ ತಡೆಯಲಾಗಲಿಲ್ಲ. ಎದ್ದು ಹೋಗಿ ಹಳೆಯ ಚಾಕುವಿನ ಎರಡು ತುಂಡು ತಂದು ಸೇಬಿನ ಪಕ್ಕದಲ್ಲಿಟ್ಟ. "ನಾನೇ ಮುರಿದೆ ಮಾವ. ಡಬ್ಬಿ ಮುಚ್ಚಳ ತೆಗೆಯೋಕೆ ಹೋಗಿ. ಹರಿತ ಮಾಡ್ತಾ ಇದ್ದೀನಿ ಅಂದದ್ದೆಲ್ಲ ಸುಳ್ಳು."

ಮಾವ ತುಂಡುಗಳನ್ನು ನೋಡಿದರು. ಒಂದಕ್ಕೊಂದು ಕೂಡಿಸಿ ನೋಡಿ ಕೆಳಗಿಟ್ಟರು.

"ಮುರಿದೇ ಹೋಯ್ತಾ? ನಿಜವಾಗ್ಲೂ?" ಎಂದರು. ಜ್ವರ ಬಿಟ್ಟವರ ದನಿ ಅದು! "ಹರಿತ ಮಾಡಿಲ್ಲ ತಾನೇ?"

"ಇಲ್ಲ ಮಾವ."

"ಸದ್ಯ! ಬದುಕಿದೆ!"

"ಅಪ್ಪಾ?" ಎಂದಳು ಮಗಳು.

ಮಾವ ಕನ್ನಡಕ ತೆಗೆದು ಒರೆಸಿದರು. ಮಗಳ ಕಡೆ ನೋಡದೆ, ಸೇಬಿಗೆ ಹೇಳುವ ಹಾಗೆ ಹೇಳಿದರು.

"ಹೋದ ವಾರ ನಾನು ಮರೆತು ಹೋಗಿದ್ದಲ್ಲ. ಬಿಟ್ಟು ಹೋಗಿದ್ದು. ಕೈ ಮಾತು ಕೇಳ್ತಾ ಇಲ್ಲ ಅಂತ ನನಗೆ ಗೊತ್ತಿಲ್ವಾ? ನಿನ್ನ ಕೈಗೆ ಕೊಟ್ರೆ ನೀನು ಗೆದ್ದ ಹಾಗಾಗುತ್ತಮ್ಮ. ಅದಕ್ಕೆ ಮರೆತವನ ಹಾಗೆ ಎದ್ದೆ. ಸೋಮವಾರ ಫೋನ್ ಮಾಡಿ 'ಇಲ್ಲದಿದ್ರೆ ಇಲ್ಲ ಅನ್ನು' ಅಂತ ದಾರೀನೂ ತೋರಿಸಿದೆ. ಕಾಣಿಸ್ಲಿಲ್ಲ ಮಾವ ಅಂತಾನೆ, ಅಲ್ಲಿಗೆ ಮುಗೀತು ಅಂದ್ಕೊಂಡ್ರೆ, ಈ ಮಹಾನುಭಾವ ಕೂದಲು ಸೀಳೋ ಹಾಗೆ ಹರಿತ ಮಾಡಿ ಕೊಡ್ತೀನಿ ಅಂದ! ವಾರ ಪೂರ್ತಿ ನನ್ನ ಹೆಬ್ಬೆರಳು ನೋಡ್ಕೊಂಡು ಕೂತಿದ್ದೀನಿ, ಇವತ್ತೇ ಇದರ ಕೊನೇ ದಿನ ಅಂತ!"

ಮಗಳು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

"ಆದ್ರೆ ಜೇಬು ಸುಮ್ನಿರ್ಲಿಲ್ಲ," ಎಂದರು ಮಾವ. "ನಲವತ್ತು ವರ್ಷದ ಭಾರ. ಅದಿಲ್ದೆ ಕೋಟು ಎಡಕ್ಕೆ ವಾಲಿದ ಹಾಗೆ, ನಾನೂ ವಾಲಿದ ಹಾಗೆ." ಎಂದವರೇ ಅಳಿಯನ ಚಾಕುವನ್ನು ಬಲಜೇಬಿಗೆ ಇಳಿಬಿಟ್ಟರು. ಮೇಲಿಂದ ಎರಡು ಸಲ ತಟ್ಟಿ ನೋಡಿದರು. ಭುಜ ನೆಟ್ಟಗಾಯಿತು.

"ಮಾವ, ಇನ್ನೊಂದು ವಾರ ಕೊಡಿ. ಬಿಸಿ ಮಾಡಿ ಬಿಚ್ಚಿಸಿ, ತೆಗೆಯೋ ಹಾಗೆ ಮಾಡಿ..."

"ಮುಟ್ಟಿದ್ರೆ ನೋಡು!" ಮಾವ ಜೇಬಿನ ಮೇಲೆ ಅಂಗೈ ಇಟ್ಟು ಕಾವಲು ನಿಂತರು. "ಅಲ್ಲಯ್ಯಾ, ನಲವತ್ತು ವರ್ಷ ಮುಚ್ಚಿದ್ದನ್ನ ತೆಗೆದು ಹೊಟ್ಟೆ ಹೊರೆದೋನು ನಾನು. ನಿನ್ನಂಥೋರು ಈ ಊರಲ್ಲಿ ಇನ್ನು ನಾಲ್ಕು ಜನ ಇದ್ದಿದ್ರೆ, ಹೆಂಡತಿ ಮಕ್ಕಳ ಸಮೇತ ಉಪವಾಸ ಸಾಯ್ತಿದ್ದೆ!"

"ಅಂದ್ರೆ... ಪರವಾಗಿಲ್ಲ ಅಂತೀರಾ?"

ಮಾವ ಅಳಿಯನನ್ನು ಒಂದು ಗಳಿಗೆ ನೋಡಿದರು.

"ಪರವಾಗಿಲ್ವೇ," ಎಂದರು.

ಬೈಂಡರ್ ಒಂದು ಗೇಣು ಎತ್ತರವಾದ! ಎದೆ ಉಬ್ಬಿತು, ಕಾಲರ್ ಸರಿಮಾಡಿಕೊಂಡ, ಹೆಂಡತಿಯ ಕಡೆ ಹುಬ್ಬು ಹಾರಿಸಿದ.

"ಆದ್ರೆ ಚಾಕು ಮುರಿದ ತಪ್ಪಿಗೆ ಶಿಕ್ಷೆ ಇದೆ," ಎಂದರು ಮಾವ. "ಇನ್ಮೇಲೆ ಭಾನುವಾರದ ಸೇಬು ನಿನ್ನ ಪಾಲು. ಸಿಪ್ಪೆ ತುಂಡಾಗಬಾರದು."

"ಒಂದು ಸೇಬು ತಾನೇ!" ಎಂದ ಬೈಂಡರ್. "ಅದೇನು ಅರಮನೆಯೇ, ಅಣೆಕಟ್ಟೇ?"

ಅಡುಗೆಮನೆಯ ಚಾಕು ತಂದ. ಸೇಬು ಎತ್ತಿಕೊಂಡ. ಮಾವನ ಹಾಗೆಯೇ ಮೊಣಕೈ ಅಗಲಿಸಿ, ಕಣ್ಣು ಅರೆಮುಚ್ಚಿ, ಮೊದಲ ಸುತ್ತು ಸುಲಿದ. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ "ಅಯ್ಯಯ್ಯೋ!" ಎಂದು ಎದ್ದು ನಿಂತು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡ. ಹೆಂಡತಿ ಒಳಗೆ ಹೋಗಿ ಪಟ್ಟಿಯ ಡಬ್ಬಿ ತಂದಳು.

ಮಾವ ಕಾಲು ಚಾಚಿ ಕೂತು, ಬಲಜೇಬನ್ನು ಸವರುತ್ತಾ, "ಗಟ್ಟಿಯಾಗಿ ಅಂಟಿಸಮ್ಮ," ಎಂದರು. "ಮಾತಿಗೆ ಜಿಪುಣತನ ಮಾಡು, ಅಂಟಿಗೆ ಮಾಡಬೇಡ."

ಮಗಳು ಡಬ್ಬಿಯಿಂದ ಪಟ್ಟಿ ಎಣಿಸಿ ತೆಗೆದಳು.

"ಎರಡೇ ಅಪ್ಪಾ," ಎಂದಳು. "ಹೆಚ್ಚು ಹಾಕಿದ್ರೆ ಬೆರಳು ಮುಚ್ಚಿಕೊಂಡು ಬಿಡುತ್ತೆ. ಆಮೇಲೆ ತೆಗೆಯೋಕೆ ನಿನ್ನ ಕೈಲೂ ಆಗಲ್ಲ."